ಐದನೇ ನಂಬರಿನ ಆಪಾ

ಶಿಕಾರಿಪುರದ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಚಹಾಕ್ಕೆ ಹೇಳಿ ಕೂತಿದ್ದೆ. ಪಕ್ಕದ ಟೇಬಲ್ಲಿನಲ್ಲಿ ಇಬ್ಬರು ಮಾತಾಡಿಕೊಳ್ಳುತ್ತಿದ್ದರು.

"ಕೇಬಲ್ ಆಪಾ ತೀರ್ಕಂಡ್ಲಂತೆ."

"ಯಾರು?"

"ಅದೇ ಮಾರಾಯ, ಸೊರಬದ ಕಡೆ ಕಳ್ಳ ಕೇಬಲ್ ನಡೆಸಿ ಕೇಸ್ ಹಾಕಿಸ್ಕಂಡಿದ್ಲಲ್ಲ, ಆ ಹೆಂಗಸು."

"ಓ, ಅವ್ಳಾ. ಪಾಪ" ಎಂದು ಇನ್ನೊಬ್ಬ ಬೋಂಡಾ ಮುರಿದು ಚಟ್ನಿಗೆ ಅದ್ದಿದ.

ನಾನು ಆಕೆಯ ಮಣ್ಣಿಗೆ ಹೋಗಿ ಅಲ್ಲಿಂದ ನೇರ ಬಂದಿದ್ದೆ. "ಅದು ಕಳ್ಳ ಕೇಬಲ್ ಅಲ್ರೀ. ಸಂಬಂಧಪಟ್ಟವರಿಗೆ ಫೋನ್ ಮಾಡಿ, ನಡೆಸ್ತೀನಿ ಅಂತ ಹೇಳಿ ನಡೆಸಿದ್ದು" ಎಂದೆ. ದನಿ ಬೇಕಾದ್ದಕ್ಕಿಂತ ಜೋರಾಯಿತೆಂದು ಕಾಣುತ್ತದೆ. ಇಬ್ಬರೂ ನನ್ನನ್ನು ವಿಚಿತ್ರವಾಗಿ ನೋಡಿ ಬೇರೆ ಮಾತಿಗೆ ತಿರುಗಿದರು. ಹೋಟೆಲಿನಲ್ಲಿ ನಿಂತು ಹೇಳಿ ಮುಗಿಸುವ ಕತೆಯೂ ಅದಾಗಿರಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಾನು ಸೊರಬ ತಾಲ್ಲೂಕಿನ ಒಂದು ದೊಡ್ಡ ಹಳ್ಳಿಯ ಆಸ್ಪತ್ರೆಯಲ್ಲಿ ಆರೋಗ್ಯ ಸಹಾಯಕನಾಗಿದ್ದೆ. ಅಲ್ಲಿಂದ ಮುಂದಕ್ಕೆ ಹೋದರೆ ಕಾಡು ಶುರುವಾಗುತ್ತದೆ. ಮಂಗನ ಕಾಯಿಲೆಗೆ ಹೆಸರು ಕೊಟ್ಟ ಕ್ಯಾಸನೂರು ಇರುವುದು ಇದೇ ತಾಲ್ಲೂಕಿನಲ್ಲಿ. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ ಉಣುಗುಗಳು ಇಳಿದು ಸುತ್ತಲಿನ ತರಗೆಲೆಯಲ್ಲಿ ಹರಡಿಕೊಳ್ಳುತ್ತವೆ. ಕೊಟ್ಟಿಗೆಗೆ ದರಗು, ಅಂದರೆ ಈ ತರಗೆಲೆ, ಗುಡಿಸಲು, ಸೊಪ್ಪು ತರಲು ಹೋದವರನ್ನು ಕಚ್ಚುತ್ತವೆ. ಆಮೇಲೆ ಜ್ವರ, ತಲೆ ಸಿಡಿತ. ಕೆಲವರಿಗೆ ರಕ್ತಸ್ರಾವ, ಸಾವು. ಮಂಗ ಸತ್ತ ಜಾಗಕ್ಕೆ ಜನ ಹೋಗದಂತೆ ತಡೆಯುವುದು, ಅಲ್ಲಿ ಉಣುಗು ಸಾಯುವ ಪುಡಿ ಹೊಡೆಸುವುದು, ಅದು ಕಚ್ಚದಂತೆ ಮೈಗೆ ಹಚ್ಚುವ ಎಣ್ಣೆ ಹಂಚುವುದು, ಸೂಜಿ ಹಾಕಿಸಿಕೊಳ್ಳಿ ಎಂದು ಮನೆಮನೆಗೆ ಹೇಳುವುದು, ಚಳಿಗಾಲದಿಂದ ಮಳೆ ಬರುವವರೆಗೆ ನಮಗೆ ಇದೇ ಕೆಲಸ.

ಹೇಳುವುದು ಹೇಗೆ? ಕಾಡಂಚಿನ ಕೇರಿಗಳಲ್ಲಿ ಆಗ ಫೋನಿಗೆ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕಿತ್ತು. ಹೆಂಗಸರ ಕೈಯಲ್ಲಂತೂ ಫೋನೇ ಇರಲಿಲ್ಲ. ಆದರೆ ಟೀವಿ ಇತ್ತು. ಆ ಟೀವಿಗಳಿಗೆಲ್ಲ ವೈರು ಎಳೆದದ್ದು ಆಪಾ.

ಆಪಾ ಎಂದರೆ ಅಕ್ಕ. ಆಕೆಯ ಮನೆಯವರು ಕರೆಯುವುದನ್ನು ಕೇಳಿ ಊರಿನವರೂ ಹಾಗೇ ಕರೆಯುತ್ತಿದ್ದರು. ತವರು ಶಿಕಾರಿಪುರ. ತಂದೆ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದವರು. ಮದುವೆಯಾಗಿ ಈ ಹಳ್ಳಿಗೆ ಬಂದರು. ಗಂಡ ಡಿಶ್ ಇಟ್ಟು ಕೇಬಲ್ ಶುರು ಮಾಡಿದರು. ಒಂದು ಮಳೆಗಾಲ ಕಂಬದಿಂದ ಬಿದ್ದು ಸೊಂಟ ಹೋಯಿತು. ಕಂಬ ಹತ್ತುವ ಕೆಲಸ ಮೈದುನನಿಗೆ ಬಂತು. ಮಿಕ್ಕಿದ್ದೆಲ್ಲ ಆಪಾ ವಹಿಸಿಕೊಂಡರು. ಎತ್ತರದ ಆಳು, ದೊಡ್ಡ ಗಂಟಲು, ಸೆರಗಿನ ತುದಿಯಲ್ಲಿ ಸದಾ ಒಂದು ಟೆಸ್ಟರ್. ವರ್ಷಗಟ್ಟಲೆ ಸೊರಬದ ಕಡೆ ಇದ್ದೂ ಶಿಕಾರಿಪುರದ ಮಾತು ಬಿಟ್ಟಿರಲಿಲ್ಲ. ನಮ್ಮ ಆಸ್ಪತ್ರೆಯ ನರ್ಸ್ ಸೊರಬದ ಕಡೆಯ ಹೊಸಬಾಳೆಯವರು. "ಎಂತಕ್ಕೆ ಆಪಾ ಹಾಗೆ ಕೂಗ್ತೀರಿ, ನಮಗೆ ಕಿವಿ ಕೇಳ್ತದೆ" ಅಂದರೆ, "ನಿಮ್ಮ ಕಡೆಯೋರು ಗುಸುಗುಸು ಅಂದ್ರೆ ಮಾತು ಅಂತೀರಿ. ನಮ್ಮ ಕಡೆ ಅದಕ್ಕೆ ಚಾಡಿ ಅಂತಾರೆ" ಎನ್ನುತ್ತಿದ್ದರು.

ಅವರ ಮನೆಯ ಮುಂದಿನ ಕೋಣೆಯಲ್ಲಿ ಯಂತ್ರಗಳು ಗುಂಯ್‌ಗುಡುತ್ತಿದ್ದವು. ಒಂದು ಮೂಲೆಯಲ್ಲಿ ಟೇಬಲ್ಲು, ಅದರ ಎದುರು ಹಳೆಯ ಮದುವೆ ಕ್ಯಾಮೆರಾ. ಅದೇ ಊರಿನ ಚಾನೆಲ್. ಟೀವಿಯಲ್ಲಿ ಐದನೇ ನಂಬರ್ ಒತ್ತಿದರೆ ಬರುತ್ತಿತ್ತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಆಪಾ ಕೂತು ಸುದ್ದಿ ಹೇಳುತ್ತಿದ್ದರು. ಕರೆಂಟ್ ಯಾವಾಗ ಹೋಗುತ್ತದೆ, ಸೊಸೈಟಿಯಲ್ಲಿ ಅಕ್ಕಿ ಬಂದಿದೆಯೇ, ಯಾರ ಎಮ್ಮೆ ತಪ್ಪಿಸಿಕೊಂಡಿದೆ, ಕುಪ್ಪಗಡ್ಡೆಯ ಬಸ್ಸು ಏಕೆ ಬರಲಿಲ್ಲ. ಸುದ್ದಿಯ ಜೊತೆ ಬೈಗುಳವೂ ಉಚಿತ. "ಕೆರೆ ದಂಡೆ ಮೇಲೆ ಬಾಟ್ಲಿ ಒಡೆದೋರು ಯಾರು ಅಂತ ನನಗೆ ಗೊತ್ತೈತೆ. ನಾಳೆ ಹೋಗಿ ಆರಿಸ್ರಿ. ಇಲ್ಲಾಂದ್ರೆ ಹೆಸರು ಹೇಳ್ತೀನಿ." ಮರುದಿನ ಬೆಳಿಗ್ಗೆ ಬಾಟಲಿ ಚೂರು ಮಾಯವಾಗಿರುತ್ತಿತ್ತು.

ಸರ್ವಾಧಿಕಾರಿಯೇ ಅನ್ನಬೇಕು. ಹತ್ತನೇ ತರಗತಿ ಪರೀಕ್ಷೆ ಹತ್ತಿರ ಬಂದಾಗ ಯಾರನ್ನೂ ಕೇಳದೆ ಸಂಜೆಯ ಧಾರಾವಾಹಿಗಳನ್ನೆಲ್ಲ ಬಂದ್ ಮಾಡಿದರು. ಹೆಂಗಸರು ದಂಡುಕಟ್ಟಿಕೊಂಡು ಜಗಳಕ್ಕೆ ಬಂದರು. ಆಪಾ ಎಲ್ಲರನ್ನೂ ಕೂರಿಸಿ ಚಹಾ ಕೊಟ್ಟು, ತಾನು ಶಿಕಾರಿಪುರದ ತಂಗಿಗೆ ಫೋನ್ ಮಾಡಿ, ಆ ದಿನ ಕತೆಯಲ್ಲಿ ಏನಾಯಿತೆಂದು ಕೇಳಿ ಹೇಳಿದರು. ಪರೀಕ್ಷೆ ಮುಗಿಯುವ ತನಕ ಅದೇ ನಡೆಯಿತು.

ಒಮ್ಮೆ, ಇನ್ನೂ ಬದುಕಿದ್ದ ಯಜಮಾನರೊಬ್ಬರು ತೀರಿಕೊಂಡರೆಂದು ಹೇಳಿಬಿಟ್ಟರು. ಅದೇ ಹೆಸರಿನ ಬೇರೆ ಯಾರೋ ಹೋಗಿದ್ದು. ನೆಂಟರೆಲ್ಲ ಅಳುತ್ತ ಬಂದು ನೋಡಿದರೆ ಯಜಮಾನರು ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದರು. ಸಿಟ್ಟಿನಿಂದ ಕೋಲೂರಿಕೊಂಡು ಆಪಾನ ಮನೆಗೆ ಬಂದರು. ಆಪಾ ಅವರ ಕೈ ಹಿಡಿದು ಕ್ಯಾಮೆರಾ ಮುಂದೆ ಕೂರಿಸಿದರು. "ನೋಡ್ರಿ, ಇವರು ಬದುಕಿದಾರೆ. ನಾನು ವಿಚಾರಿಸದೆ ಹೇಳಿದ್ದೆ, ನನ್ನ ಬಾಯಿಗೆ ಮಣ್ಣು ಬೀಳ್ಲಿ. ಯಜಮಾನ್ರೇ, ನೀವೇ ಒಂದು ಮಾತಾಡ್ರಿ, ಜನಕ್ಕೆ ನಂಬಿಕೆ ಬರ್ಲಿ." ಯಜಮಾನರು ಕೂದಲು ಸವರಿಕೊಂಡು, ಅಂದಿನ ಅಡಿಕೆ ದರದ ಬಗ್ಗೆ ಮಾತಾಡಿ ಸಂತೋಷವಾಗಿ ಮನೆಗೆ ಹೋದರು.

ನಾನು ಮೊದಲ ಸಲ ಮಂಗ ಸತ್ತ ಸುದ್ದಿ ಹಿಡಿದುಕೊಂಡು ಹೋದದ್ದು ಒಂದು ಸಂಜೆ. ಎಲ್ಲರೂ ನೋಡುವ ಧಾರಾವಾಹಿ ನಡೆಯುತ್ತಿತ್ತು. ಆಪಾ ನನ್ನ ಮಾತು ಕೇಳಿದ್ದೇ, ಆ ಚಾನೆಲ್ಲಿನ ವೈರು ಕಿತ್ತು ಅಲ್ಲಿಗೆ ತನ್ನ ಕ್ಯಾಮೆರಾದ ವೈರು ಸಿಕ್ಕಿಸಿದರು. ಊರಿನ ಎಲ್ಲ ಟೀವಿಗಳಲ್ಲೂ ನಾಯಕಿಯ ಮುಖ ಹೋಗಿ ಆಪಾನ ಮುಖ ಬಂತು. "ಮೇಲಿನ ಕೇರಿಯೋರು ಕೇಳ್ರಿ. ಹಳೇ ಕಲ್ಲುಕ್ವಾರಿ ಹಿಂದಿನ ಹೊಳೆದಾಸವಾಳದ ಮರದ ಬುಡದಾಗೆ ಮಂಗ ಸತ್ತೈತೆ. ಅಲ್ಲಿಗೆ ದರಗು ತರಾಕೆ ಯಾರೂ ಹೋಗಬ್ಯಾಡ್ರಿ. ದನಾನೂ ಬಿಡಬ್ಯಾಡ್ರಿ. ಹೆಲ್ತ್ ಸರ್ ಇಲ್ಲೇ ಕೂತಿದಾರೆ, ಮುಖ ನೋಡ್ಕಳ್ರಿ. ನಾಳೆ ಎಣ್ಣೆ ತರ್ತಾರೆ. ಬಾಗ್ಲು ಹಾಕ್ಕಂಡ್ರೆ ನನ್ನ ಕೈಗೆ ಸಿಗ್ತೀರಿ."

ಮರುದಿನ ನಾನು ಕೇರಿಗೆ ಹೋದಾಗ ಹೆಂಗಸರು ಬಾಗಿಲಲ್ಲೇ ಕಾಯುತ್ತಿದ್ದರು. ಅಲ್ಲಿಂದ ಮುಂದೆ ಪ್ರತಿ ವರ್ಷ ಹೀಗೇ ನಡೆಯಿತು. ನಮ್ಮ ಇಲಾಖೆಯ ಯಾವ ಕರಪತ್ರವೂ ಆ ಕೆಲಸ ಮಾಡಿರಲಿಲ್ಲ.

ಆಮೇಲೆ ಆದೇಶ ಬಂತು. ದೇಶದಲ್ಲಿ ಇನ್ನು ವೈರನ್ನು ನೇರ ಟೀವಿಗೆ ಸಿಕ್ಕಿಸುವ ಹಳೆಯ ಅನಲಾಗ್ ಕೇಬಲ್ ಇರಕೂಡದು, ಪ್ರತಿ ಮನೆಯ ಟೀವಿಗೂ ಡಿಜಿಟಲ್ ಬಾಕ್ಸ್ ಕಡ್ಡಾಯ. ಮಹಾನಗರಗಳಿಂದ ಶುರುವಾಗಿ ಹಂತ ಹಂತವಾಗಿ ಬಂದ ಕಾನೂನು ಕೊನೆಗೆ ಹಳ್ಳಿಗಳಿಗೆ ತಲುಪಿತು. ಚಿತ್ರ ಸ್ಪಷ್ಟವಾಗುತ್ತದೆ, ಬೇಕಾದ ಚಾನೆಲ್ ಆರಿಸಿಕೊಳ್ಳಬಹುದು, ಎಲ್ಲ ಪಾರದರ್ಶಕ. ಇದರಲ್ಲಿ ತಪ್ಪೇನೂ ಇರಲಿಲ್ಲ. ಆಪಾ ಕೂಡ ಬೇಡ ಎನ್ನಲಿಲ್ಲ. "ಕರೀನಾ ಬಿಳೀನಾ ಗೊತ್ತಾಗದ ಚಿತ್ರ ತೋರಿಸಿ ನನಗೂ ಸಾಕಾಗೈತೆ. ಬರ್ಲಿ ಬಾಕ್ಸು" ಎಂದಿದ್ದರು.

ಅವರಿಗೆ ಇದ್ದದ್ದು ಒಂದೇ ಪ್ರಶ್ನೆ. ಕೇಬಲ್ ನಡೆಸುವವರಿಗೆಲ್ಲ ತಿಳಿವಳಿಕೆ ಕೊಡಲು ಒಂದು ಸಭೆ ಕರೆದಿದ್ದರು. ಸೂಟು ಹಾಕಿದವರೊಬ್ಬರು ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿದರು. ಹೆಂಗಸು ಅಂತ ಅಲ್ಲಿ ಇದ್ದದ್ದು ಆಪಾ ಒಬ್ಬರೇ. ಎದ್ದು ನಿಂತು ಕೇಳಿದರಂತೆ: "ಎಲ್ಲ ಸರಿ. ನನ್ನ ಐದನೇ ನಂಬರ್ ಎಲ್ಲಿಗೆ ಹೋಗುತ್ತೆ?"

"ಅದು ನಿಮಗೆ ಸಿಗ್ನಲ್ ಕೊಡೋ ಕಂಪನಿಗೆ ಬಿಟ್ಟಿದ್ದು, ಮೇಡಂ."

ಕಂಪನಿಯವರನ್ನು ಕೇಳಿದರು. ಬಾಕ್ಸಿಗೆ ಬರುವ ಸಿಗ್ನಲ್ಲು ದೂರದ ಕಂಟ್ರೋಲ್ ರೂಮಿನಿಂದ ಬೀಗ ಹಾಕಿಕೊಂಡೇ ಬರುತ್ತದೆ, ನಡುವೆ ನೀವು ಏನನ್ನೂ ಸೇರಿಸಲಾಗದು, ಅದೇ ಕಾನೂನಿನ ಉದ್ದೇಶ ಎಂದರು ಅವರು. ಸ್ವಂತ ಚಾನೆಲ್ ಬೇಕಿದ್ದರೆ ಕಂಪನಿಯ ಚಾನೆಲ್ ಪಟ್ಟಿಯಲ್ಲಿ ಜಾಗ ಬಾಡಿಗೆಗೆ ಹಿಡಿಯಬೇಕು. ಇಡೀ ರಾಜ್ಯಕ್ಕೆ ಕಾಣುವ ಆ ಜಾಗದ ಬಾಡಿಗೆ ಆಪಾನಂಥವರಿಗೆ ಕನಸಿನ ಮಾತು. ಇಡೀ ರಾಜ್ಯಕ್ಕೆ ಕಲ್ಲುಕ್ವಾರಿಯ ಮಂಗನ ಸುದ್ದಿ ಬೇಕಾಗಿಯೂ ಇರಲಿಲ್ಲ. ಮತ್ತೆ ಅಧಿಕಾರಿಗಳ ಹತ್ತಿರ ಹೋದರೆ, "ನಾವು ಜಾರಿ ಮಾಡೋರು, ನಿಯಮ ಮಾಡೋರು ದೆಹಲಿಯಲ್ಲಿದ್ದಾರೆ." ದೆಹಲಿಗೆ ಬರೆದರೆ ಉತ್ತರವಿಲ್ಲ.

ಇದರಲ್ಲಿ ನನ್ನ ಹೊಟ್ಟೆ ಉರಿಸಿದ ಸಂಗತಿ ಒಂದಿದೆ. ಹಳ್ಳಿಗಳ ಗಡುವು ಒಂದಲ್ಲ, ಹಲವು ಸಲ ಮುಂದೆ ಹೋಯಿತು. ಬಾಕ್ಸ್ ಪೂರೈಕೆ ಆಗಿಲ್ಲ ಎಂದು ಮುಂದೆ ಹೋಯಿತು, ಬಾಕ್ಸ್ ಕೂರಿಸಿ ಮುಗಿದಿಲ್ಲ ಎಂದು ಮುಂದೆ ಹೋಯಿತು. ಕೊನೆಯ ಗಡುವು ಬಂದದ್ದು ಸರಿಯಾಗಿ ಮಂಗನ ಕಾಯಿಲೆಯ ಕಾಲದಲ್ಲಿ. ಮಳೆ ಬೀಳುವವರೆಗೆ, ಕಾಡಂಚಿನ ಕೆಲವೇ ಊರುಗಳಿಗೆ ಇನ್ನೊಂದಿಷ್ಟು ಸಮಯ ಕೊಡಿ ಎಂದು ಆಪಾ ಕೇಳಿದರು. ನಾನೂ ನಮ್ಮ ಮೇಲಿನವರಿಗೆ ಬರೆದೆ. ಕರೆದು ಕೇಳಿದರು: "ನಮ್ಮ ಇಲಾಖೆಗೂ ಟೀವಿಗೂ ಏನ್ರೀ ಸಂಬಂಧ?" ವಿವರಿಸಿದೆ. "ಕರಪತ್ರ ಹಂಚಿ" ಎಂದರು. ದರಗು ಗುಡಿಸಲು ಹೋಗುವ ಹೆಂಗಸರಲ್ಲಿ ಓದಲು ಬರುವವರು ಎಷ್ಟು ಜನ ಎಂದು ಕೇಳಿದ್ದಕ್ಕೆ ಅವರು ಗಡಿಯಾರ ನೋಡಿದರು. ಪೆಟ್ಟಿಗೆಗಾಗಿ ಕಾಯಬಲ್ಲ ಸರ್ಕಾರ ಮನುಷ್ಯರಿಗಾಗಿ ಕಾಯಲಾರದು ಎಂದು ಆ ದಿನ ನನಗೆ ತಿಳಿಯಿತು.

ಬಾಕ್ಸ್ ಬಂದವು. ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಊರು ಖುಷಿಪಟ್ಟಿತು, ಧಾರಾವಾಹಿಯ ನಾಯಕಿಯ ಸೀರೆಯ ಅಂಚು ಕಾಣುತ್ತದೆ ಎಂದು ಹೆಂಗಸರು ಹೇಳಿಕೊಂಡರು. ಐದನೇ ನಂಬರ್ ಒತ್ತಿದರೆ ಯಾವುದೋ ಭಾಷೆಯಲ್ಲಿ ಒಡವೆ ಮಾರುವ ಚಾನೆಲ್ ಬರುತ್ತಿತ್ತು.

ಕೆಲವು ವಾರಗಳಲ್ಲಿ ಮೇಲಿನ ಕೇರಿಯ ಆಚೆ ಮಂಗಗಳು ಸಾಯತೊಡಗಿದವು. ನಾನು ಮತ್ತು ನರ್ಸ್ ಬೈಕಿನಲ್ಲಿ ಮನೆಮನೆ ಸುತ್ತಿದೆವು. ನಾವು ಹೋದ ಹೊತ್ತಿಗೆ ಅರ್ಧ ಮನೆಗಳಿಗೆ ಬೀಗ. ಜನ ಕೆಲಸಕ್ಕೆ ಹೋಗಿರುತ್ತಿದ್ದರು. ಹಾಗೆ ಬೀಗ ಹಾಕಿದ್ದ ಒಂದು ಮನೆ ಲಕ್ಷ್ಮಕ್ಕನದು. ಕೊಟ್ಟಿಗೆಗೆ ದರಗು ತರಲು ಆಕೆ ಮಂಗ ಸತ್ತ ಜಾಗದ ಪಕ್ಕಕ್ಕೇ ಹೋದಳು. ಹೋದಳು, ಮರುದಿನವೂ ಹೋದಳು. ಜ್ವರ ಬಂತು. ದೊಡ್ಡಾಸ್ಪತ್ರೆಗೆ ಸೇರಿಸುವ ಹೊತ್ತಿಗೆ ಮೂಗಿನಲ್ಲಿ ರಕ್ತ ಬರುತ್ತಿತ್ತು. ಉಳಿಯಲಿಲ್ಲ.

ಐದನೇ ನಂಬರ್ ಇದ್ದಿದ್ದರೆ ಲಕ್ಷ್ಮಕ್ಕ ಬದುಕುತ್ತಿದ್ದಳು ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಆದರೆ ಆಕೆ ಪ್ರತಿ ಸಂಜೆ ಆಪಾನ ಸುದ್ದಿ ನೋಡುತ್ತಿದ್ದವಳು. ಇದನ್ನು ಹೇಳಬಲ್ಲೆ.

ಆಕೆಯ ಮನೆಯವರನ್ನು ಮಾತಾಡಿಸಲು ಹೋದಾಗ ಆಪಾ ನನ್ನ ಜೊತೆಗಿದ್ದರು. ಲಕ್ಷ್ಮಕ್ಕನ ಗಂಡ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದ. ಒಳಗೆ ಟೀವಿಯ ಮೇಲೆ ಬಾಕ್ಸಿನ ಕೆಂಪು ದೀಪ ಉರಿಯುತ್ತಿತ್ತು.

"ಅಲ್ಲಿ ಹೋಗಬ್ಯಾಡ ಅಂತ ಯಾರೂ ಹೇಳ್ಲಿಲ್ವೇನಪ್ಪಾ?" ಎಂದು ಆಪಾ ಕೇಳಿದರು.

"ಯಾರು ಹೇಳ್ತಾರೆ ಆಪಾ? ನೀವು ನಿಲ್ಲಿಸಿಬಿಟ್ರಲ್ಲ. ಇಷ್ಟೊಂದು ಚಾನೆಲ್ ಬರ್ತದೆ, ನಮ್ಮ ಗುಡ್ಡದ ಸುದ್ದಿ ಒಂದರಲ್ಲೂ ಬರೂದಿಲ್ಲ."

ಅವನ ದನಿಯಲ್ಲಿ ಆಪಾದನೆ ಇರಲಿಲ್ಲ. ಅದನ್ನೇ ಆಪಾನಿಗೆ ತಡೆಯಲಾಗಲಿಲ್ಲ.

ಮರುದಿನ ಬೆಳಿಗ್ಗೆ, ನನ್ನ ಎದುರಿಗೇ, ಕೇಬಲ್ ವಿಷಯ ನೋಡುವ ಅಧಿಕಾರಿಗೆ ಫೋನ್ ಮಾಡಿದರು. "ಸಾಹೇಬ್ರೇ, ಇವತ್ತು ಸಂಜೆಯಿಂದ ನಾನು ಹಳೇ ವೈರಿನಲ್ಲಿ ಐದನೇ ನಂಬರ್ ಹಾಕ್ತೀನಿ. ಬೇರೆ ಯಾವ ಚಾನೆಲ್ಲೂ ಇಲ್ಲ. ಮಂಗನ ಸುದ್ದಿ, ಸೂಜಿ ಸುದ್ದಿ, ಅಷ್ಟೇ. ಕಾನೂನು ಒಪ್ಪಲ್ಲ ಅಂತ ಗೊತ್ತೈತೆ. ನಿಮಗೆ ಹೇಳದೇ ಮಾಡಿದ್ಲು ಅಂತ ಆಗಬಾರದು ನೋಡ್ರಿ, ಅದಕ್ಕೆ ಹೇಳಿದೆ." ಆ ಕಡೆಯಿಂದ ಏನೋ ಹೇಳುತ್ತಿರುವಾಗಲೇ ಫೋನ್ ಇಟ್ಟರು.

ಬಾಕ್ಸಿಗೆ ಬೇರೆ ವೈರು ಬಂದಿದ್ದರೂ ಕಂಬಗಳ ಮೇಲೆ ಹಳೆಯ ವೈರು ಇನ್ನೂ ಇತ್ತು. ಸಂಜೆ ಸ್ವಲ್ಪ ಹೊತ್ತು ಜನ ಬಾಕ್ಸಿನ ವೈರು ಕಿತ್ತು ಹಳೆಯ ವೈರನ್ನು ಟೀವಿಗೆ ಸಿಕ್ಕಿಸಿಕೊಳ್ಳಬೇಕಿತ್ತು. ಯಾರು ಮಾಡುತ್ತಾರೆ ಎಂದುಕೊಂಡಿದ್ದೆ. ಮಾಡಿದರು. ಲಕ್ಷ್ಮಕ್ಕ ಹೋದ ಮೇಲೆ ಆ ಕೇರಿಯಲ್ಲಿ ಯಾರಿಗೂ ಎರಡನೇ ಸಲ ಹೇಳಬೇಕಾಗಲಿಲ್ಲ. ಹಳೆಯ ಮಸುಕು ಚಿತ್ರದಲ್ಲಿ ಆಪಾ ಮತ್ತೆ ಬಂದು ಕೂತರು. ಸೂಜಿ ಹಾಕಿಸಿಕೊಳ್ಳಲು ನಮ್ಮಲ್ಲಿ ಸಾಲು ನಿಂತಿತು.

ಕಂಪನಿ ದೂರು ಕೊಟ್ಟಿತು. ಮಳೆ ಇನ್ನೂ ಬಂದಿರಲಿಲ್ಲ. ಒಂದು ಸಂಜೆ ಜೀಪು ಬಂತು. ಆಪಾ ಫೋನ್ ಮಾಡಿದ್ದ ಅಧಿಕಾರಿಯೇ ಬಂದಿದ್ದರು. ಚಿಕ್ಕ ವಯಸ್ಸಿನವರು, ಸಭ್ಯರು. ಒಳಗೆ ಬರಲು ಸಂಕೋಚಪಟ್ಟು ಬಾಗಿಲಲ್ಲೇ ನಿಂತರು. ಆಪಾ ಸುದ್ದಿ ಹೇಳಲು ಕೂತಿದ್ದರು. ನಾನು ಪಕ್ಕದ ಬೆಂಚಿನ ಮೇಲಿದ್ದೆ.

"ಅಮ್ಮಾ, ನಿಮ್ಮ ಉದ್ದೇಶ ಒಳ್ಳೇದೇ. ಆದ್ರೆ ಅನಲಾಗ್ ಸಿಗ್ನಲ್ ಕೊಡೋದು ಕಾನೂನಿಗೆ ವಿರುದ್ಧ. ಸಾಮಾನು ವಶಕ್ಕೆ ತಗೋಬೇಕು."

"ಆ ಕಾನೂನಿನಾಗೆ ಮಂಗ ಅನ್ನೋ ಮಾತು ಎಲ್ಲಾದ್ರೂ ಐತಾ ಸಾಹೇಬ್ರೇ?"

"ಇಲ್ಲಮ್ಮ."

"ಲಕ್ಷ್ಮಕ್ಕ ಅಂತ?"

ಅವರು ಕೈಯಲ್ಲಿದ್ದ ಕಾಗದ ಮಡಚಿದರು. "ಬರ್ರಿ, ಕೂತ್ಕಳ್ರಿ. ಚಹಾ ಕುಡಿದು ಒಯ್ಯಿರಿ" ಎಂದು ಆಪಾ ಅವರನ್ನು ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಕ್ಯಾಮೆರಾ ಓಡುತ್ತಿದ್ದದ್ದು ಆ ಹುಡುಗ ಅಧಿಕಾರಿಗೆ ಗೊತ್ತಾಗಲಿಲ್ಲ. ಆಪಾ ಕ್ಯಾಮೆರಾ ಕಡೆ ತಿರುಗಿದರು.

"ಎಲ್ಲ ಕೇಳ್ರಿ. ಇವರು ದೊಡ್ಡ ಸಾಹೇಬ್ರು. ನನ್ನ ಯಂತ್ರ ಒಯ್ಯಾಕೆ ಬಂದಿದಾರೆ. ಇದೇ ಕೊನೇ ಸುದ್ದಿ. ಇನ್ನು ಮ್ಯಾಲೆ ಮಂಗ ಸತ್ರೆ ನನಗೆ ಹೇಳಬ್ಯಾಡ್ರಿ, ನನ್ನ ಹತ್ರ ಬಾಯಿ ಇಲ್ಲ. ಈ ಸಾಹೇಬ್ರಿಗೆ ಹೇಳ್ರಿ. ನಂಬರ್ ಹೇಳ್ತೀನಿ, ಬರ್ಕಳ್ರಿ." ಆಮೇಲೆ ಅವರ ಫೋನ್ ನಂಬರನ್ನು ನಿಧಾನವಾಗಿ, ಒಂದೊಂದೇ ಅಂಕಿ, ಎರಡು ಸಲ ಹೇಳಿದರು. ಅಧಿಕಾರಿ ಎದ್ದು ನಿಂತರು. ಅಷ್ಟರಲ್ಲಿ ಆಗಬೇಕಾದದ್ದು ಆಗಿತ್ತು.

ಯಂತ್ರಗಳನ್ನು ಜೀಪಿಗೆ ಹೇರಿದರು. ಕ್ಯಾಮೆರಾವನ್ನೂ ಬಿಡಲಿಲ್ಲ.

ಆ ಬೇಸಿಗೆಯಲ್ಲಿ ಮಂಗಗಳ ಸುದ್ದಿಯೆಲ್ಲ ಅಧಿಕಾರಿಯ ಫೋನಿಗೇ ಹೋಯಿತು. ಜನ ಗುಡ್ಡ ಹತ್ತಿ ಫೋನ್ ಮಾಡಿದರು. ಮೊದಲು ಅವರು ರೇಗಿದರು. ಆಮೇಲೆ ಪ್ರತಿ ಸಲ ನನಗೆ ಫೋನ್ ಮಾಡಿ ಜಾಗ ಹೇಳತೊಡಗಿದರು. "ನಾನು ಕೇಬಲ್ ನೋಡೋನು ರೀ, ನನಗ್ಯಾಕೆ ಇದು" ಎಂದು ಒಮ್ಮೆ ಅಂದರು. ಅಂದರೂ ಹೇಳುವುದನ್ನು ಬಿಡಲಿಲ್ಲ. ಆದರೆ ಸುದ್ದಿ ನನ್ನ ತನಕ ಬಂದು ನಿಲ್ಲುತ್ತಿತ್ತು. ನನ್ನಿಂದ ಕೇರಿಗೆ ಹೋಗಲು ಮತ್ತೆ ಅದೇ ಬೈಕು, ಅದೇ ಬೀಗ ಹಾಕಿದ ಮನೆಗಳು. ಮಳೆ ಹಿಡಿಯುವ ಹೊತ್ತಿಗೆ ಅವರಿಗೆ ವರ್ಗವಾಯಿತು.

ಆಪಾನ ಮೇಲೆ ಕೇಸಾಯಿತು. ಕೇಸಿದ್ದವರ ಕೈಯಲ್ಲಿ ತನ್ನ ಸಿಗ್ನಲ್ ಇರಬಾರದೆಂದು ಕಂಪನಿ ಊರಿನ ಕೇಬಲ್ಲನ್ನು ಬೇರೆಯವರಿಗೆ ಕೊಟ್ಟಿತು. ಗಂಡನ ಸೊಂಟ, ದುಡಿಮೆ ಇಲ್ಲದ ಮೈದುನ, ಬಾಯಿ ಕಳೆದುಕೊಂಡ ಮನೆ. ಇಬ್ಬರನ್ನೂ ಕರೆದುಕೊಂಡು ಶಿಕಾರಿಪುರಕ್ಕೆ ಹೋದರು. ಅಣ್ಣನ ಬಟ್ಟೆ ಅಂಗಡಿಯಲ್ಲಿ ಕೂತು ಬ್ಲೌಸ್ ಪೀಸು ಹರಿದುಕೊಡುತ್ತಿದ್ದರು. ಕೋರ್ಟಿಗೆ ಕರೆದಾಗಲೆಲ್ಲ ಶಿಕಾರಿಪುರದಿಂದ ಸೊರಬಕ್ಕೆ ಬಸ್ಸು. ನಾನು ಹೋದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು ಒಂದೇ: "ಈ ವರ್ಷ ಮಂಗ ಸತ್ತಾವೇನ್ರೀ?"

ಕೇಸು ವರ್ಷಗಟ್ಟಲೆ ಎಳೆದು ಕೊನೆಗೆ ಬಿದ್ದುಹೋಯಿತು. ದೂರು ಕೊಟ್ಟ ಕಂಪನಿ ಅಷ್ಟರಲ್ಲಿ ಇನ್ನೊಂದು ಕಂಪನಿಯಲ್ಲಿ ಸೇರಿಹೋಗಿತ್ತು; ಸಾಕ್ಷಿಗೆ ಯಾರೂ ಬರಲಿಲ್ಲ. ಆಪಾ ತಪ್ಪು ಮಾಡಿದರೆಂದು ಯಾರೂ ಹೇಳಲಿಲ್ಲ, ಮಾಡಲಿಲ್ಲವೆಂದೂ ಹೇಳಲಿಲ್ಲ. ವಶಪಡಿಸಿಕೊಂಡ ಸಾಮಾನನ್ನು ಬಂದು ಒಯ್ಯಿರಿ ಎಂದಷ್ಟೇ ತಿಳಿಸಿದರು.

ಸಾಮಾನು ಇಟ್ಟಿದ್ದ ಸೊರಬದ ಕಚೇರಿಗೆ ನಾನೂ ಜೊತೆಗೆ ಹೋದೆ. ಮೆಟ್ಟಿಲ ಕೆಳಗಿನ ಕತ್ತಲ ಮೂಲೆಯಿಂದ ಗುಮಾಸ್ತರು ಗೋಣಿಚೀಲ ಎಳೆದು ತಂದರು. ಸೋರಿದ ನೀರು ಕುಡಿದು ಯಂತ್ರಗಳಿಗೆ ತುಕ್ಕು ಹಿಡಿದಿತ್ತು. ಒಂದರ ಒಳಗೆ ಇಲಿ ಗೂಡು ಕಟ್ಟಿತ್ತು. ಕ್ಯಾಮೆರಾದ ಗಾಜು ಇರಲಿಲ್ಲ. ಆಪಾ ನೆಲದ ಮೇಲೆ ಕೂತು ಒಂದೊಂದನ್ನೇ ಎತ್ತಿ, ಸೆರಗಿನಿಂದ ಒರೆಸಿ, ಪಕ್ಕಕ್ಕಿಟ್ಟರು. ಗುಮಾಸ್ತರು ಒಂದು ಹಾಳೆ ಮುಂದೆ ಹಿಡಿದರು.

"ಇಲ್ಲಿ ಸಹಿ ಮಾಡಿ ಅಮ್ಮ."

"ಏನು ಬರೆದೈತೆ ಓದ್ರಿ."

"ಮೇಲ್ಕಂಡ ಸಾಮಗ್ರಿಗಳನ್ನು ಸುಸ್ಥಿತಿಯಲ್ಲಿ ಪಡೆದಿದ್ದೇನೆ ಅಂತ."

"ಸುಸ್ಥಿತಿ ಅಂದ್ರೆ?"

"ಚೆನ್ನಾಗಿದೆ ಅಂತ. ಎಲ್ಲರೂ ಹಂಗೇ ಬರೆಯೋದು. ಸುಮ್ನೆ ಒಂದು ಪದ್ಧತಿ."

ಆಪಾ ಎದ್ದು ನಿಂತರು. ಬಹಳ ವರ್ಷಗಳ ಮೇಲೆ ಆ ಹಳೆಯ ಗಂಟಲು ಕೇಳಿಸಿತು. ಒಳಗಿನ ಟೇಬಲ್ಲುಗಳಲ್ಲಿ ಬರೆಯುತ್ತಿದ್ದವರೆಲ್ಲ ತಲೆ ಎತ್ತಿದರು.

"ಒಯ್ದಾಗ ಓಡ್ತಿತ್ತು, ಕೊಡುವಾಗ ಸತ್ತೈತೆ ಅಂತ ಬರೀರಿ. ಈಗ್ಲೇ ಸಹಿ ಹಾಕ್ತೀನಿ."

"ಹಂಗೆಲ್ಲ ಬರೆಯೋಕೆ ಬರಲ್ಲಮ್ಮ. ಸಹಿ ಮಾಡದಿದ್ರೆ ಸಾಮಾನು ಕೊಡೋಕಾಗಲ್ಲ."

"ಹಂಗಾದ್ರೆ ನೀವೇ ಇಟ್ಕಳ್ರಿ. ಸುಸ್ಥಿತಿಯಾಗೆ ಐತಲ್ಲ, ನೀವೇ ನಡೆಸ್ರಿ."

ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದರು. ಗುಮಾಸ್ತರು ಹಾಳೆ ಹಿಡಿದುಕೊಂಡು ಗೇಟಿನ ತನಕ ಹಿಂದೆ ಬಂದರು; ಆಪಾ ತಿರುಗಿ ನೋಡಲಿಲ್ಲ. ಆ ಕಚೇರಿಯಿಂದ ಆಮೇಲೂ ಕೆಲವು ಸಲ ಬರಹೇಳಿದರಂತೆ. ಸಾಯುವ ತನಕ ಸಹಿ ಹಾಕಲಿಲ್ಲ.